ಹೊಸ ಕರ್ನಲ್ ಹಾಕುವ ಮೊದಲು ಹಳೆಯದಕ್ಕೆ ಮರಳುವ ದಾರಿ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಲಿನಕ್ಸ್ ಎಂಬುದು ಅಪರಿಚಿತ ಹೆಸರಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಉಬುಂಟುವನ್ನು ಆಧರಿಸಿದ ಕೈಟ್ ಗ್ನೂ/ಲಿನಕ್ಸ್ ನಡೆಯುತ್ತಿದ್ದು, ಅಲ್ಲಿ ಕೈಪಳಗಿದವರು ಮನೆಯ ಹಳೆಯ ಲ್ಯಾಪ್‌ಟಾಪಿಗೂ ಅದನ್ನೋ ಉಬುಂಟುವನ್ನೋ ಹಾಕಿಕೊಳ್ಳುತ್ತಾರೆ. ಬದಿಯಡ್ಕ, ಕುಂಬಳೆ, ಮುಳ್ಳೇರಿಯ ಸುತ್ತಿನ ಇಂಥ ಯಂತ್ರಗಳನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ, ಹೊಸ ಕರ್ನಲ್ ಹಾಕಬಹುದೇ ಎಂಬುದು. ಹಾಕಬಹುದು, ಹಾಕುವ ಕೆಲಸ ಹತ್ತು ನಿಮಿಷದ್ದು. ಆದರೆ ಅದು ಕೈಕೊಟ್ಟರೆ ಹಳೆಯದಕ್ಕೆ ಮರಳುವ ದಾರಿಯನ್ನು ಮೊದಲೇ ಮಾಡಿ ಇಟ್ಟುಕೊಳ್ಳುವುದಕ್ಕೆ ಅರ್ಧ ದಿನ ಬೇಕು, ಮತ್ತು ಈ ಬರಹದ ಹೆಚ್ಚಿನ ಭಾಗ ಆ ಅರ್ಧ ದಿನದ ಕುರಿತಾಗಿದೆ.

ಆದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್ ಎಂಬ ಆದೇಶ ಬರೆಯುವ ಕಿಟಕಿಯಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ. ವ್ಯವಸ್ಥೆಯನ್ನು ಬದಲಾಯಿಸುವ ಆದೇಶಗಳ ಮುಂದೆ ಸುಡೊ (ನಿರ್ವಾಹಕನ ಅಧಿಕಾರ ಕೊಡುವ ಪದ) ಸೇರಿಸಬೇಕೆಂಬುದನ್ನು ಪ್ರತಿಸಲವೂ ನೆನಪಿಸುವುದಿಲ್ಲ. ಇಲ್ಲಿರುವುದೆಲ್ಲ ಉಬುಂಟು ಮತ್ತು ಡೆಬಿಯನ್ ಬಳಗಕ್ಕೆ ಅನ್ವಯಿಸುತ್ತದೆ.

ಬೇಕೇ ಎಂಬ ಪ್ರಶ್ನೆ

ಕರ್ನಲ್ ಎಂದರೆ ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಮೆಮೊರಿ, ಡಿಸ್ಕ್, ಪ್ರೊಸೆಸರ್, ವೈಫೈ ಎಲ್ಲವನ್ನೂ ಹಂಚಿ ನಡೆಸುವ ಭಾಗ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕರ್ನಲಿನ ಹೊಸ ಆವೃತ್ತಿ ಈಗ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಅವುಗಳಲ್ಲಿ 5.15, 6.1, 6.6, 6.12ರಂಥ ಕೆಲವನ್ನು ಮಾತ್ರ ಹಲವು ವರ್ಷಗಳ ಕಾಲ ತಿದ್ದುಪಡಿ ಕೊಟ್ಟು ಪೋಷಿಸಲು ಆರಿಸಿಕೊಳ್ಳುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಉಬುಂಟು 22.04ರ ಮೂಲ ಕರ್ನಲ್ 5.15 ಆಗಿರುವುದನ್ನು ಕಂಡು ಇದು ಹಳತಾಯಿತು, ಅಪಾಯಕಾರಿ ಎಂದು ಭಾವಿಸುವವರಿದ್ದಾರೆ. ಆದರೆ ಉಬುಂಟುವಿನವರು ಭದ್ರತಾ ತಿದ್ದುಪಡಿಗಳನ್ನು ಅದೇ 5.15ರೊಳಗೆ ಸೇರಿಸುತ್ತ ಬರುತ್ತಾರಾದ್ದರಿಂದ, ಮೊದಲ ಎರಡು ಅಂಕಿಗಳು ಬದಲಾಗದಿದ್ದರೂ ಒಳಗಿನ ರಂಧ್ರಗಳು ಮುಚ್ಚಲ್ಪಡುತ್ತಲೇ ಇರುತ್ತವೆ.

ಹಾಗಾಗಿ ಹೊಸ ಶ್ರೇಣಿಯ ಕರ್ನಲ್ ಹಾಕಲು ನಾನು ಒಪ್ಪುವ ಕಾರಣಗಳು ಎರಡೇ: ಹೊಸದಾಗಿ ಕೊಂಡ ಲ್ಯಾಪ್‌ಟಾಪಿನ ವೈಫೈ, ಧ್ವನಿ ಅಥವಾ ಗ್ರಾಫಿಕ್ಸ್ ಹಳೆಯ ಕರ್ನಲಿಗೆ ಗುರುತು ಹತ್ತದಿರುವುದು, ಇಲ್ಲವೇ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ದೋಷವೊಂದು ಹೊಸದರಲ್ಲಿ ಸರಿಯಾಗಿದೆಯೆಂದು ಖಚಿತವಾಗಿರುವುದು. ಅಂಕಿ ದೊಡ್ಡದಾಗಿದೆ ಎಂಬುದೊಂದೇ ಕಾರಣವಾದರೆ ಬೇಡ.

ಅಂಜಿಕೆ ಅತಿಯಾಯಿತೆಂದು ತೋರಿದರೆ ಎರಡು ಘಟನೆಗಳನ್ನು ನೆನಪಿಡಬಹುದು. 2021ರಲ್ಲಿ 5.12ರ ಮೊದಲ ಪರೀಕ್ಷಾ ಆವೃತ್ತಿ ಬಿಡುಗಡೆಯಾದಾಗ, ಸ್ವಾಪ್ ಕಡತವನ್ನು (ಮೆಮೊರಿ ಸಾಲದಾಗ ನೆರವಾಗುವ ಡಿಸ್ಕಿನ ಜಾಗ) ಬಳಸುವ ಯಂತ್ರಗಳಲ್ಲಿ ಅದು ಡಿಸ್ಕಿನ ತಪ್ಪು ಜಾಗಕ್ಕೆ ಬರೆದು ಕಡತ ವ್ಯವಸ್ಥೆಯನ್ನೇ ಹಾಳುಮಾಡುವುದು ಕಂಡುಬಂದು, ಟೊರ್ವಾಲ್ಡ್ಸ್ ಸ್ವತಃ ಆ ಆವೃತ್ತಿಯ ಹೆಸರಿಗೆ ‘ಬಳಸಬೇಡಿ’ ಎಂಬರ್ಥದ ಬಾಲ ಸೇರಿಸಿದರು. ಉಬುಂಟು ಸಾಮಾನ್ಯವಾಗಿ ಸ್ವಾಪ್ ಕಡತವನ್ನೇ ಬಳಸುತ್ತದೆ ಎಂಬುದನ್ನು ಗಮನಿಸಿ. ಅದು ಪರೀಕ್ಷಾ ಆವೃತ್ತಿಯಾಯಿತು ಎನ್ನುವುದಾದರೆ, 2023ರ ಡಿಸೆಂಬರಿನಲ್ಲಿ 6.1.64 ಎಂಬ ಸ್ಥಿರ ಆವೃತ್ತಿಯಲ್ಲೇ ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ದತ್ತಾಂಶ ಕೆಡಿಸುವ ದೋಷ ನುಸುಳಿ, ಡೆಬಿಯನ್ ತನ್ನ 12.3ರ ಬಿಡುಗಡೆಯನ್ನು ತಡೆದು ನೇರವಾಗಿ 12.4ನ್ನು ಹೊರತರಬೇಕಾಯಿತು. ಕರ್ನಲಿನ ತಪ್ಪು ಉಳಿದ ತಂತ್ರಾಂಶದ ತಪ್ಪಿನಂತಲ್ಲ. ಅದು ಪರದೆಯ ಮೇಲೆ ಕಾಣಿಸಿಕೊಳ್ಳದೆ ಕಡತಗಳಲ್ಲಿ ಕುಳಿತುಬಿಡಬಹುದು.

ಮೂರು ಮೂಲಗಳು

ಹೊಸ ಕರ್ನಲ್ ಮೂರು ಕಡೆಯಿಂದ ಸಿಗುತ್ತದೆ. ಮೊದಲನೆಯದು ವಿತರಣೆಯ (ಉಬುಂಟುವಿನಂಥ ಲಿನಕ್ಸ್ ರೂಪದ) ಸ್ವಂತ ಭಂಡಾರ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಹೊಸ ಯಂತ್ರಾಂಶಕ್ಕೆಂದೇ ಎಚ್‌ಡಬ್ಲ್ಯುಇ ಎಂಬ ಕರ್ನಲ್ ಮಾಲಿಕೆಯಿದ್ದು, 22.04ಕ್ಕೆ ಅದರ ಮೂಲಕ 6.8ರವರೆಗೆ ಬಂದಿದೆ. ಇದಕ್ಕೆ ಅಸಲಿಯೆಂದು ಸಾರುವ ಡಿಜಿಟಲ್ ಸಹಿಯೂ ಇದೆ, ಭದ್ರತಾ ತಿದ್ದುಪಡಿಯೂ ಬರುತ್ತದೆ. ನೂರಕ್ಕೆ ತೊಂಬತ್ತು ಮಂದಿ ಇಲ್ಲಿಗೇ ನಿಲ್ಲುವುದು ಲೇಸು. ಎರಡನೆಯದು, ಮೂಲ ಕರ್ನಲನ್ನು ಬದಲಾವಣೆಯಿಲ್ಲದೆ ಕಟ್ಟಿ ಉಬುಂಟುವಿನವರು ಪರೀಕ್ಷೆಗೆಂದು ಇಡುವ ಮೇನ್‌ಲೈನ್ ಪ್ಯಾಕೇಜುಗಳು. ಇವುಗಳಿಗೆ ಭದ್ರತಾ ಬೆಂಬಲವಿಲ್ಲ, ಸಹಿಯಿಲ್ಲದ ಕರ್ನಲನ್ನು ಏಳಲು ಬಿಡದ ಸೆಕ್ಯೂರ್ ಬೂಟಿಗೆ ಬೇಕಾದ ಸಹಿಯೂ ಇಲ್ಲ. ಮೂರನೆಯದು, ಮೂಲ ಸಂಕೇತವನ್ನು ತಂದು ನಾವೇ ಕಂಪೈಲ್ ಮಾಡುವುದು, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ಕಟ್ಟುವುದು. ಕಲಿಯುವವರಿಗೆ ಅದರಷ್ಟು ಸಂತೋಷದ ಕೆಲಸ ಬೇರೊಂದಿಲ್ಲವಾದರೂ, ಮರುದಿನ ಬೆಳಗ್ಗೆ ಬೇಕಾಗುವ ಯಂತ್ರದಲ್ಲಿ ಅದನ್ನು ಮಾಡಬಾರದು.

ಪೂರ್ವಸಿದ್ಧತೆ

ಮೊದಲು ಈಗಿನ ಸ್ಥಿತಿಯನ್ನು ದಾಖಲಿಸಿಕೊಳ್ಳಿ. ‘ಯುನೇಮ್ -ಆರ್’ ಎಂಬ ಆದೇಶ ಈಗ ನಡೆಯುತ್ತಿರುವ ಕರ್ನಲಿನ ಪೂರ್ಣ ಆವೃತ್ತಿಯನ್ನು ತೋರಿಸುತ್ತದೆ. ಅದನ್ನು ಕಾಗದದ ಮೇಲೆ ಬರೆದುಕೊಳ್ಳಿ, ಏಕೆಂದರೆ ಅದು ಬೇಕಾಗುವ ಹೊತ್ತಿಗೆ ಯಂತ್ರ ತೆರೆಯದೆ ಇರಬಹುದು. ‘ಎಲ್ಎಸ್‌ಪಿಸಿಐ -ಕೆ’ ಎಂಬುದು ಯಾವ ಸಾಧನವನ್ನು ಯಾವ ಡ್ರೈವರ್ ನಡೆಸುತ್ತಿದೆಯೆಂದು ಹೇಳುತ್ತದೆ. ‘ಡಿಮೆಸೇಜ್ -ಟಿ’ ಕರ್ನಲಿನ ಸಂದೇಶಗಳನ್ನು ಸಮಯದ ಗುರುತಿಲ್ಲದೆ ಕೊಡುತ್ತದೆ (ಈ ಆದೇಶವನ್ನು ಬರೆಯುವಾಗ ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರ). ಈ ಎರಡರ ಫಲಿತಾಂಶವನ್ನೂ ‘ಹಳೆಯದು’ ಎಂಬರ್ಥದ ಹೆಸರಿನ ಕಡತಗಳಲ್ಲಿ ಉಳಿಸಿಕೊಂಡರೆ, ಹೊಸ ಕರ್ನಲಿನ ಸಂದೇಶಗಳನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಇದನ್ನು ಮಾಡದವರು ಹೊಸ ಕರ್ನಲಿನಲ್ಲಿ ಕಂಡ ಪ್ರತಿ ಎಚ್ಚರಿಕೆಯೂ ಹೊಸದೆಂದು ಹೆದರುತ್ತಾರೆ. ಅರ್ಧಕ್ಕರ್ಧ ಮೊದಲಿನಿಂದಲೂ ಇದ್ದದ್ದೇ ಆಗಿರುತ್ತದೆ.

ಅನಂತರ ದತ್ತಾಂಶದ ಪ್ರತಿ. ಹೋಮ್ ಕಡತಕೋಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕಾರು ಕಡತಗಳನ್ನು ತೆರೆದು ನೋಡಿ, ಪರೀಕ್ಷೆ ಮುಗಿಯುವವರೆಗೆ ಅದನ್ನು ಕಪಾಟಿನಲ್ಲಿಡಿ. ಹೊಸ ಕರ್ನಲ್ ನಡೆಯುತ್ತಿರುವಾಗ ಪ್ರತಿಯ ಡಿಸ್ಕ್ ಯಂತ್ರಕ್ಕೆ ಸಿಕ್ಕಿಸಿದ್ದೇ ಇದ್ದರೆ ಪ್ರತಿ ಮಾಡಿದ ಉದ್ದೇಶವೇ ಕೆಡುತ್ತದೆ.

ಲೈವ್ ಪೆನ್‌ಡ್ರೈವ್ ಒಂದನ್ನು (ಒಳಗಿನ ಡಿಸ್ಕಿಲ್ಲದೆ ತಾನೇ ಲಿನಕ್ಸ್ ನಡೆಸುವಂಥದ್ದು) ಸಿದ್ಧಮಾಡಿ, ಇದೇ ಯಂತ್ರವನ್ನು ಒಮ್ಮೆ ಅದರಿಂದ ಬೂಟ್ ಮಾಡಿ (ಆರಂಭಿಸಿ) ನೋಡಿ. ಯಾವ ಕೀಲಿ ಒತ್ತಿದರೆ ಬೂಟ್ ಮೆನು ಬರುತ್ತದೆಂಬುದು ಒಂದೊಂದು ಕಂಪೆನಿಯ ಲ್ಯಾಪ್‌ಟಾಪಿಗೆ ಒಂದೊಂದು ತೆರನಾಗಿದ್ದು, ಅದನ್ನು ಹುಡುಕುವ ಕೆಲಸ ತೊಂದರೆಯ ದಿನಕ್ಕೆ ಉಳಿಯಬಾರದು.

ಜಾಗವನ್ನೂ ನೋಡಬೇಕು. ‘ಡಿಎಫ್ -ಎಚ್ /ಬೂಟ್’ ಎಂದು ಕೇಳಿದರೆ ಬೂಟ್ ವಿಭಾಗದಲ್ಲಿ ಎಷ್ಟು ಖಾಲಿಯಿದೆಯೆಂದು ತಿಳಿಯುತ್ತದೆ. ಒಂದೊಂದು ಕರ್ನಲಿನ ಜತೆಗೂ ಆರಂಭದ ಡ್ರೈವರುಗಳ ಗಂಟಾದ ಇನಿಟ್‌ಆರ್‌ಡಿ ಎಂಬ ಕಡತ ಸೃಷ್ಟಿಯಾಗುತ್ತದೆ, ಮತ್ತು ಅದೊಂದೇ ನೂರು ಎಂಬಿಯ ಆಸುಪಾಸಿಗೆ ಬೆಳೆಯುವುದುಂಟು. ಡಿಸ್ಕಿಗೆ ಗೂಢಲಿಪೀಕರಣ ಮಾಡಿಕೊಂಡವರಲ್ಲಿ ಬೂಟ್ ಪ್ರತ್ಯೇಕ ವಿಭಾಗವಾಗಿ, ಕಿರಿದಾಗಿ ಇರುತ್ತದೆ. 500 ಎಂಬಿಯಾದರೂ ಖಾಲಿ ಇಲ್ಲದೆ ನಾನು ಮುಂದುವರಿಯುವುದಿಲ್ಲ. ಒಮ್ಮೆ ಒಂದು ಶಾಲೆಯ ಲ್ಯಾಬಿನಲ್ಲಿ ಇದನ್ನು ಅಲಕ್ಷಿಸಿ, ಇನಿಟ್‌ಆರ್‌ಡಿ ಅರ್ಧ ಬರೆಯುವಷ್ಟರಲ್ಲಿ ಜಾಗ ಮುಗಿದು, ಅದನ್ನು ಗಮನಿಸದೆ ಯಂತ್ರವನ್ನು ಮರುಚಾಲನೆ ಮಾಡಿ, ಕರ್ನಲ್ ಮುಂದೆ ಸಾಗಲಾರದೆ ನಿಂತಿತೆಂದು ಸಾರುವ ‘ಕರ್ನಲ್ ಪ್ಯಾನಿಕ್’ ಎಂಬ ಎರಡು ಪದಗಳನ್ನು ಮಕ್ಕಳ ಎದುರಲ್ಲೇ ಓದಬೇಕಾಯಿತು. ಐಟಿ ಪ್ರಾಯೋಗಿಕ ಪರೀಕ್ಷೆಗೆ ಆಗ ಉಳಿದದ್ದು ನಾಲ್ಕು ದಿನ. ಲ್ಯಾಬಿನ ಯಂತ್ರಗಳಲ್ಲಿ ಪರೀಕ್ಷೆಯ ತಿಂಗಳು ಕರ್ನಲ್ ಮುಟ್ಟಬಾರದೆಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತಿದ್ದೇನೆ.

ಕೊನೆಯದಾಗಿ ಕರೆಂಟು. ಆಟಿಯ ಗಾಳಿಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬೀಳುವ, ತುಲಾ ಮಾಸದ ಸಂಜೆ ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕಿತ್ತಿಡುವ ಊರು ನಮ್ಮದು. ಬೂಟ್ ಕಡತಗಳನ್ನು ಬರೆಯುವ ಆ ಐದು ನಿಮಿಷ ವಿದ್ಯುತ್ ಕಡಿಯಬಾರದಾದ್ದರಿಂದ, ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿಸಿಕೊಂಡು, ಮೇಜಿನ ಯಂತ್ರವಾದರೆ ಯುಪಿಎಸ್ ನಿಜವಾಗಿ ಹಿಡಿದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಬೆಳಗ್ಗಿನ ಹೊತ್ತು ಆರಂಭಿಸುವುದು ಒಳ್ಳೆಯದು. ನಡುವೆ ಕರೆಂಟು ಹೋಗಿಯೇ ಹೋದರೆ, ಹಳೆಯ ಕರ್ನಲಿನಲ್ಲಿ ಬೂಟ್ ಮಾಡಿ ‘ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆದೇಶವನ್ನು ಕೊಟ್ಟರೆ ಅರ್ಧಕ್ಕೆ ನಿಂತ ಸ್ಥಾಪನೆ ಮುಂದುವರಿಯುತ್ತದೆ.

ಗ್ರಬ್ಬನ್ನು ಹದಗೊಳಿಸುವುದು

ಅಡಿಕೆ ತೋಟದಲ್ಲಿ ಹಳೆಯ ಮರಗಳ ನಡುವೆ ಎಡೆಸಸಿ ನೆಟ್ಟವರು, ಸಸಿ ಹಿಂಗಾರ ಬಿಟ್ಟು ಫಸಲು ಕೊಡುವವರೆಗೆ ಹಳೆಯ ಮರಕ್ಕೆ ಕತ್ತಿ ಇಡುವುದಿಲ್ಲ. ಲಿನಕ್ಸಿನಲ್ಲಿಯೂ ಎರಡು ಮೂರು ಕರ್ನಲುಗಳು ಒಟ್ಟಿಗೆ ಇರಬಲ್ಲವು; ಯಾವುದನ್ನು ಎಬ್ಬಿಸಬೇಕೆಂದು ತೀರ್ಮಾನಿಸುವುದು ಗ್ರಬ್. ಆದರೆ ಉಬುಂಟುವಿನ ವಾಡಿಕೆಯಂತೆ ಹೊಸ ಕರ್ನಲ್ ಸ್ಥಾಪನೆಯಾದ ಕೂಡಲೆ ಅದೇ ಮುಖ್ಯ ಆಯ್ಕೆಯಾಗುತ್ತದೆ, ಮೆನುವೂ ಅಡಗಿರುತ್ತದೆ. ನಮಗೆ ಬೇಕಾದದ್ದು ಇದಕ್ಕೆ ವಿರುದ್ಧವಾದ ಏರ್ಪಾಡು: ಹಳೆಯದೇ ಮುಖ್ಯವಾಗಿದ್ದು, ಹೊಸದು ಒಂದು ಸಲದ ಮಟ್ಟಿಗೆ ಮಾತ್ರ ಏಳಬೇಕು, ಅದು ಬಿದ್ದರೆ ಮುಂದಿನ ಸಲ ತಾನಾಗಿ ಹಳೆಯದೇ ಬರಬೇಕು.

ಇದಕ್ಕಾಗಿ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಎಂಬ ಕಡತವನ್ನು ತೆರೆಯಿರಿ. ಅದರಲ್ಲಿ ಎಡಬದಿಯ ಹೆಸರುಗಳೆಲ್ಲ ದೊಡ್ಡ ಅಕ್ಷರಗಳಲ್ಲಿರುತ್ತವೆ. ‘ಗ್ರಬ್_ಡಿಫಾಲ್ಟ್’ ಎಂಬುದರ ಮುಂದೆ ‘ಸೇವ್ಡ್’ ಎಂದು, ‘ಗ್ರಬ್_ಟೈಮೌಟ್_ಸ್ಟೈಲ್’ ಎಂಬುದರ ಮುಂದೆ ‘ಮೆನು’ ಎಂದು, ‘ಗ್ರಬ್_ಟೈಮೌಟ್’ ಮುಂದೆ 10 ಎಂದು ಬರೆಯಿರಿ. ‘ಗ್ರಬ್_ಸಿಎಂಡಿಲೈನ್_ಲಿನಕ್ಸ್_ಡಿಫಾಲ್ಟ್’ ಎಂಬ ಸಾಲಿನಲ್ಲಿರುವ ‘ಕ್ವಯೆಟ್’ ಮತ್ತು ‘ಸ್ಪ್ಲಾಶ್’ ಎಂಬ ಪದಗಳನ್ನು ತೆಗೆದು, ಅವುಗಳ ಜಾಗದಲ್ಲಿ ‘ಪ್ಯಾನಿಕ್=10’ ಎಂದು ಸೇರಿಸಿ. ಮೊದಲಿನವನ್ನು ತೆಗೆಯುವುದರಿಂದ ಚಂದದ ಲಾಂಛನದ ಬದಲು ಕರ್ನಲಿನ ಸಂದೇಶಗಳು ಪರದೆಯ ಮೇಲೆ ಹರಿದುಬರುತ್ತವೆ, ಎಲ್ಲಿ ನಿಂತಿತೆಂಬುದು ಕಣ್ಣಿಗೆ ಬೀಳುತ್ತದೆ. ಎರಡನೆಯದು, ಕರ್ನಲ್ ಪ್ಯಾನಿಕ್ ಆದರೆ ಹತ್ತು ಸೆಕೆಂಡಿನ ಬಳಿಕ ಯಂತ್ರ ತಾನಾಗಿ ಮರುಚಾಲನೆಗೊಳ್ಳುವಂತೆ ಮಾಡುತ್ತದೆ. ಕಡತ ಉಳಿಸಿದ ಮೇಲೆ ‘ಅಪ್‌ಡೇಟ್-ಗ್ರಬ್’ ಆದೇಶ ಕೊಡಬೇಕು. ಅದಿಲ್ಲದೆ ಬರೆದದ್ದು ಯಾವುದೂ ಜಾರಿಗೆ ಬರುವುದಿಲ್ಲ. ಆಮೇಲೆ ಒಮ್ಮೆ ಹಳೆಯ ಕರ್ನಲಿನಲ್ಲೇ ಮರುಚಾಲನೆ ಮಾಡಿ, ಮೆನು ಕಾಣಿಸುತ್ತದೆಯೇ ಎಂದು ನೋಡಿ.

ಸ್ಥಾಪನೆ

ಭಂಡಾರದಿಂದ ತರುವುದಾದರೆ ‘ಆಪ್ಟ್ ಇನ್‌ಸ್ಟಾಲ್’ ಜತೆಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಮುಗಿಯಿತು. ಮೇನ್‌ಲೈನ್ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವವರು ಇಮೇಜ್, ಮಾಡ್ಯೂಲ್ಸ್, ಹೆಡರ್ಸ್ ಎಂಬ ಕಡತಗಳನ್ನೆಲ್ಲ ಒಂದೇ ಕಡತಕೋಶದಲ್ಲಿಟ್ಟು, ಜತೆಯಲ್ಲಿ ಕೊಟ್ಟಿರುವ, ಕಡತ ಕೆಟ್ಟಿಲ್ಲವೆಂದು ತೋರಿಸುವ ಮೊತ್ತವಾದ ಚೆಕ್‌ಸಮ್ ತಾಳೆ ನೋಡಿ, ಒಟ್ಟಿಗೆ ಸ್ಥಾಪಿಸಬೇಕು. ಮಾಡ್ಯೂಲ್ಸ್ (ಡ್ರೈವರುಗಳಿರುವ) ಕಡತವನ್ನು ಬಿಟ್ಟು ಇಮೇಜ್ ಮಾತ್ರ ಹಾಕಿ, ವೈಫೈ ಹೋಯಿತು, ಧ್ವನಿ ಹೋಯಿತು ಎಂದು ಬರುವವರನ್ನು ಕಂಡಿದ್ದೇನೆ.

ಸ್ವತಃ ಕಂಪೈಲ್ ಮಾಡುವವರಿಗೆ ಕೆಲವು ಮಾತು. ಮೂಲ ಸಂಕೇತದ ಸಹಿಯನ್ನು ಜಿಪಿಜಿ ಎಂಬ ಸಹಿ ತಪಾಸಣೆಯ ಸಲಕರಣೆಯಿಂದ ಪರಿಶೀಲಿಸುವಾಗ, ಸಹಿಯಿರುವುದು ಸಂಕುಚಿತ ಕಡತಕ್ಕಲ್ಲ, ಬಿಡಿಸಿದ ಟಾರ್ ಕಡತಕ್ಕೆ ಎಂಬುದನ್ನು ಮರೆತರೆ ಸಹಿ ತಪ್ಪೆಂದೇ ಉತ್ತರ ಬರುತ್ತದೆ. ಈಗಿನ ಕರ್ನಲಿನ ಆಯ್ಕೆಗಳ ಪಟ್ಟಿಯಾದ ಕಾನ್ಫಿಗ್ ಕಡತವನ್ನು /ಬೂಟ್‌ನಿಂದ ನಕಲು ಮಾಡಿ, ‘.ಕಾನ್ಫಿಗ್’ ಎಂದು ಹೆಸರಿಟ್ಟು, ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಕೊಟ್ಟರೆ ಹಳೆಯ ಆಯ್ಕೆಗಳು ಉಳಿದು ಹೊಸವಕ್ಕೆ ವಾಡಿಕೆಯ ಮೌಲ್ಯ ಸೇರುತ್ತದೆ. ಉಬುಂಟುವಿನ ಕಾನ್ಫಿಗ್‌ನಲ್ಲಿ ಉಬುಂಟುವನ್ನು ಹೊರತರುವ ಕೆನಾನಿಕಲ್ ಕಂಪೆನಿಯ ಪ್ರಮಾಣಪತ್ರದ ಕಡತವನ್ನು ಸೂಚಿಸುವ ಸಾಲುಗಳಿದ್ದು, ಆ ಕಡತ ಮೂಲ ಸಂಕೇತದಲ್ಲಿ ಇಲ್ಲದ ಕಾರಣ ಕೆಲಸ ನಡುವೆ ನಿಲ್ಲುತ್ತದೆ. ‘ಸಿಸ್ಟಮ್_ಟ್ರಸ್ಟೆಡ್_ಕೀಸ್’ ಮತ್ತು ‘ಸಿಸ್ಟಮ್_ರಿವೊಕೇಶನ್_ಕೀಸ್’ ಎಂಬ (ದೊಡ್ಡ ಅಕ್ಷರಗಳ) ಎರಡನ್ನೂ ಖಾಲಿ ಬಿಡಬೇಕು. ಹಳೆಯ ಯಂತ್ರದಲ್ಲಿ ಪೂರ್ಣ ಕಾನ್ಫಿಗ್ ಕಟ್ಟಲು ತಾಸುಗಟ್ಟಲೆ ಹಿಡಿಯುವುದರಿಂದ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಉಪಾಯವಿದೆ. ಅದು ಈ ಕ್ಷಣ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆದ್ದರಿಂದ ಆ ಆದೇಶಕ್ಕೆ ಮೊದಲು ಪೆನ್‌ಡ್ರೈವ್, ಪ್ರಿಂಟರ್, ಪ್ರೊಜೆಕ್ಟರ್, ಬ್ಲೂಟೂತ್ ಎಲ್ಲವನ್ನೂ ಒಮ್ಮೆ ಜೋಡಿಸಿ ಬಳಸಿರಬೇಕು. ಇಲ್ಲವಾದರೆ ಹೊಸ ಕರ್ನಲಿಗೆ ಅವುಗಳ ಪರಿಚಯವೇ ಇರುವುದಿಲ್ಲ. ಕಟ್ಟಿದ ಮೇಲೆ ನೇರವಾಗಿ ‘ಮೇಕ್ ಇನ್‌ಸ್ಟಾಲ್’ ಮಾಡದೆ ‘ಮೇಕ್ ಬಿನ್‌ಡೆಬ್-ಪಿಕೆಜಿ’ಯಿಂದ ಪ್ಯಾಕೇಜ್ ಮಾಡಿಕೊಂಡು ಹಾಕಿದರೆ, ಬೇಡವಾದಾಗ ಒಂದೇ ಆದೇಶದಲ್ಲಿ ಕಿತ್ತು ತೆಗೆಯಬಹುದು.

ಸ್ಥಾಪನೆಯ ಸಂದೇಶಗಳನ್ನು ಕೊನೆಯವರೆಗೆ ಓದಿ. ಬ್ರಾಡ್‌ಕಾಮ್ ವೈಫೈ, ಎನ್‌ವಿಡಿಯಾ, ವರ್ಚುವಲ್‌ಬಾಕ್ಸ್ ಮುಂತಾದವು ಕರ್ನಲಿನ ಹೊರಗಿನ ಡ್ರೈವರುಗಳಾಗಿದ್ದು, ಡಿಕೆಎಂಎಸ್ ಎಂಬ ಸಲಕರಣೆ ಪ್ರತಿ ಹೊಸ ಕರ್ನಲಿಗೂ ಅವನ್ನು ಮತ್ತೆ ಕಟ್ಟಬೇಕಾಗುತ್ತದೆ. ತೀರಾ ಹೊಸ ಕರ್ನಲಾದರೆ ಈ ಕಟ್ಟುವಿಕೆ ಸೋಲುವುದು ಸಾಮಾನ್ಯ. ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೇಳಿ, ಹೊಸ ಆವೃತ್ತಿಯ ಎದುರು ‘ಇನ್‌ಸ್ಟಾಲ್ಡ್’ ಎಂದಿದ್ದರೆ ಮಾತ್ರ ಮರುಚಾಲನೆಗೆ ಹೋಗಿ. ವೈಫೈ ಇಲ್ಲದ ಕರ್ನಲಿನಲ್ಲಿ ಎದ್ದು ಪರಿಹಾರವನ್ನು ಅಂತರ್ಜಾಲದಲ್ಲಿ ಹುಡುಕುವ ಪಾಡು ಬೇಡ.

ಸೆಕ್ಯೂರ್ ಬೂಟ್ ಇದೆಯೇ ಎಂದು ‘ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಹೇಳುತ್ತದೆ. ಅದು ಚಾಲನೆಯಲ್ಲಿದ್ದು ಕರ್ನಲಿಗೆ ಸಹಿ ಇಲ್ಲದಿದ್ದರೆ, ಗ್ರಬ್ ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದು ಹೇಳಿ ನಿಲ್ಲುತ್ತದೆ. ಆಗ ನಿಮ್ಮದೇ ಕೀಲಿಯನ್ನು ನೋಂದಾಯಿಸಿ ಕರ್ನಲಿಗೆ ಸಹಿ ಹಾಕಬೇಕು, ಇಲ್ಲವೇ ಪರೀಕ್ಷೆಯ ಅವಧಿಗೆ ಸೆಕ್ಯೂರ್ ಬೂಟನ್ನು ನಿಲ್ಲಿಸಬೇಕು. ಅದೇ ಯಂತ್ರದಲ್ಲಿ ಬಿಟ್‌ಲಾಕರ್ ಇರುವ ವಿಂಡೋಸ್ ಕೂಡ ಇದ್ದರೆ, ಸೆಕ್ಯೂರ್ ಬೂಟ್ ಬದಲಾದಾಗ ವಿಂಡೋಸ್ ರಿಕವರಿ ಕೀ ಕೇಳಬಹುದು. ಆ 48 ಅಂಕಿಗಳು ಕೈಯಲ್ಲಿಲ್ಲದೆ ಸೆಟ್ಟಿಂಗ್ ಮುಟ್ಟಬೇಡಿ.

ಮೊದಲ ಬೂಟ್

ಈಗ ಗ್ರಬ್ ಮೆನುವಿನ ಲೆಕ್ಕಾಚಾರ ಅರ್ಥವಾಗಬೇಕು. ಎಣಿಕೆ ಸೊನ್ನೆಯಿಂದ ಆರಂಭ. ಸಾಮಾನ್ಯವಾಗಿ ಮೊದಲ ಸಾಲು ಉಬುಂಟು, ಅದರ ಸಂಖ್ಯೆ 0. ಎರಡನೆಯದು ‘ಅಡ್ವಾನ್ಸ್ಡ್ ಆಪ್ಶನ್ಸ್’ ಎಂಬ ಉಪಮೆನು, ಅದರ ಸಂಖ್ಯೆ 1. ಉಪಮೆನುವಿನೊಳಗೆ ಪ್ರತಿ ಕರ್ನಲಿಗೂ ಎರಡೆರಡು ಸಾಲು, ಒಂದು ಸಾಮಾನ್ಯ, ಇನ್ನೊಂದು ರಿಕವರಿ. ದೊಡ್ಡ ಆವೃತ್ತಿ ಮೇಲೆ. ಹಾಗಾಗಿ ಹೊಸ ಕರ್ನಲ್ "1>0", ಅದರ ಹಿಂದಿನದು "1>2". ಮೊದಲು ‘ಗ್ರಬ್-ಸೆಟ್-ಡಿಫಾಲ್ಟ್ "1>2"’ ಎಂದು ಹಳೆಯದನ್ನು ಮುಖ್ಯವಾಗಿಸಿ, ಆಮೇಲೆ ‘ಗ್ರಬ್-ರೀಬೂಟ್ "1>0"’ ಎಂದು ಹೊಸದನ್ನು ಒಂದು ಸಲಕ್ಕೆ ಗೊತ್ತುಮಾಡಿ. ಉದ್ಧರಣ ಚಿಹ್ನೆಗಳನ್ನು ಬಿಡಬಾರದು; ಬಿಟ್ಟರೆ ಟರ್ಮಿನಲ್ ಆ ಬಾಣದ ಗುರುತಿಗೆ ಬೇರೆ ಅರ್ಥ ಹಚ್ಚಿ, 0 ಎಂಬ ಹೆಸರಿನ ಕಡತವೊಂದನ್ನು ಸೃಷ್ಟಿಸಿ ಸುಮ್ಮನಾಗುತ್ತದೆ. ‘ಗ್ರಬ್-ಎಡಿಟ್‌ಎನ್ವ್ ಲಿಸ್ಟ್’ ಎಂದು ಕೇಳಿ ಎರಡೂ ದಾಖಲಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಇನ್ನೊಂದು ಕರ್ನಲ್ ನಡುವೆ ಬಂದು ಸೇರಿಕೊಂಡರೆ ಈ ಸಂಖ್ಯೆಗಳು ಸರಿದುಹೋಗುವುದರಿಂದ, ಪರೀಕ್ಷೆಯ ಅವಧಿಗೆ ಕರ್ನಲಿನ ಮೆಟಾ ಪ್ಯಾಕೇಜನ್ನು (ಹೊಸ ಕರ್ನಲುಗಳನ್ನು ತಾನಾಗಿ ಎಳೆದು ತರುವ ಪ್ಯಾಕೇಜ್) ‘ಆಪ್ಟ್-ಮಾರ್ಕ್ ಹೋಲ್ಡ್’ ಮಾಡಿ ತಡೆದಿಡಿ, ಮತ್ತು ಮುಗಿದ ದಿನವೇ ‘ಅನ್‌ಹೋಲ್ಡ್’ ಮಾಡಿ. ಬೂಟ್ ಭಾಗ ಡಿಸ್ಕಿನ ಬೇರೆ ಬಗೆಯ ಏರ್ಪಾಡುಗಳಾದ ಎಲ್‌ವಿಎಂ ಅಥವಾ ಬಿಟಿಆರ್‌ಎಫ್‌ಎಸ್ ಮೇಲಿದ್ದರೆ ಗ್ರಬ್‌ಗೆ ಬೂಟ್ ಸಮಯದಲ್ಲಿ ಅಲ್ಲಿ ಬರೆಯಲು ಆಗದು. ಅಂಥವರು ಒಂದು ಸಲದ ಏರ್ಪಾಡನ್ನು ನಂಬದೆ ಮೆನುವಿನಲ್ಲಿ ಕೈಯಾರೆ ಆರಿಸಬೇಕು.

ತೆರೆದ ಕಡತಗಳನ್ನೆಲ್ಲ ಮುಚ್ಚಿ ಮರುಚಾಲನೆ ಮಾಡಿ. ಎದ್ದ ಕೂಡಲೆ ಮತ್ತೆ ‘ಯುನೇಮ್ -ಆರ್’. ಹೊಸ ಅಂಕಿ ಕಾಣದಿದ್ದರೆ ನೀವು ಇನ್ನೂ ಹಳೆಯದರಲ್ಲೇ ಇದ್ದೀರಿ. ಇದನ್ನು ನೋಡದೆ ಎರಡು ದಿನ ಹಳೆಯ ಕರ್ನಲನ್ನೇ ಪರೀಕ್ಷಿಸಿ ಹೊಸದು ಬಹಳ ಚೆನ್ನಾಗಿದೆ ಎಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಪರೀಕ್ಷೆ

ಡೆಸ್ಕ್‌ಟಾಪ್ ಕಾಣಿಸಿತೆಂದರೆ ಪರೀಕ್ಷೆ ಆರಂಭವಾಯಿತೆಂದು ಅರ್ಥ. ಮೊದಲು ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಎಂದು ಕೇಳಿ ಯಾವ ಸೇವೆಯೂ ಬಿದ್ದಿಲ್ಲವೆಂದು ನೋಡಿ. ಹೊಸ ಡಿಮೆಸೇಜನ್ನು ಹಳೆಯ ಕಡತದೊಂದಿಗೆ ‘ಡಿಫ್’ ಮಾಡಿ, ಹೊಸದಾಗಿ ಕಾಣಿಸಿಕೊಂಡ ಎರರ್ ಸಾಲುಗಳನ್ನು ಗುರುತು ಹಾಕಿ. ‘/ಪ್ರಾಕ್/ಸಿಸ್/ಕರ್ನಲ್/ಟೇಂಟೆಡ್’ ಎಂಬ ಕಡತದಲ್ಲಿ ಒಂದೇ ಒಂದು ಸಂಖ್ಯೆಯಿರುತ್ತದೆ. 0 ಇದ್ದರೆ ನಿರ್ಮಲ. 4096 ಎಂದರೆ ಹೊರಗಿನ ಮಾಡ್ಯೂಲ್ ಸೇರಿದೆ ಎಂದಷ್ಟೇ, ಗಾಬರಿ ಬೇಡ. ಆ ಮೊತ್ತದೊಳಗೆ 512 ಸೇರಿದ್ದರೆ ಕರ್ನಲ್ ಎಲ್ಲೋ ಎಚ್ಚರಿಕೆ ಕೊಟ್ಟಿದೆ, 128 ಸೇರಿದ್ದರೆ ಊಪ್ಸ್ ಎಂಬ ಗಂಭೀರ ದೋಷವೇ ಆಗಿದೆ. ಪರದೆ ಎಷ್ಟೇ ಚೆನ್ನಾಗಿ ಕಂಡರೂ ಹಳೆಯದಕ್ಕೆ ಮರಳಿ.

ಸಾಧನಗಳನ್ನು ಒಂದೊಂದಾಗಿ ಬಳಸಿ ನೋಡಿ: ವೈಫೈ, ತಂತಿಯ ಜಾಲ, ಧ್ವನಿ, ಕ್ಯಾಮೆರಾ, ಪ್ರೊಜೆಕ್ಟರ್, ಪ್ರಿಂಟರ್, ಪರದೆಯ ಬೆಳಕಿನ ಕೀಲಿಗಳು. ಡಿಸ್ಕಿನ ಪರೀಕ್ಷೆಗೆ ಹೆಚ್ಚು ಸಮಯ ಕೊಡಬೇಕು. ಮೂರು ನಾಲ್ಕು ಜಿಬಿಯ ಕಡತವೊಂದರ ‘ಎಸ್‌ಎಚ್‌ಎ256ಸಮ್’ ತೆಗೆದು, ಅದನ್ನು ಪೆನ್‌ಡ್ರೈವಿಗೆ ನಕಲಿಸಿ, ಸುರಕ್ಷಿತವಾಗಿ ಹೊರತೆಗೆದು, ಮತ್ತೆ ಸಿಕ್ಕಿಸಿ, ನಕಲಿನ ಮೊತ್ತವನ್ನು ತಾಳೆ ನೋಡಿ. ಹೊರತೆಗೆಯದೆ ತಾಳೆ ನೋಡಿದರೆ ಕರ್ನಲ್ ಮೆಮೊರಿಯಲ್ಲಿ ಉಳಿದ ಪ್ರತಿಯನ್ನೇ ಓದಿ ಸರಿಯಿದೆ ಎನ್ನುವುದರಿಂದ, ಪೆನ್‌ಡ್ರೈವಿನಲ್ಲಿ ನಿಜವಾಗಿ ಏನು ಬರೆದಿದೆಯೆಂದು ತಿಳಿಯುವುದೇ ಇಲ್ಲ. ಒಳಗಿನ ಡಿಸ್ಕಿಗೂ ಹೀಗೆಯೇ ಮಾಡಿ, ನಡುವೆ ಮರುಚಾಲನೆ ಮಾಡಿ ತಾಳೆ ನೋಡಬೇಕು. ಆ ಮರುಚಾಲನೆಗೆ ಮೊದಲು ಗ್ರಬ್-ರೀಬೂಟ್ ಆದೇಶವನ್ನು ಮತ್ತೊಮ್ಮೆ ಕೊಡಬೇಕೆಂಬುದು ನೆನಪಿರಲಿ.

ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ತೆರೆಯುವ ಪರೀಕ್ಷೆಯನ್ನು ಒಮ್ಮೆ ಮಾಡಿ ಬಿಡಬಾರದು. ಹತ್ತು ಸಲ ಮಾಡಿ. ಕೆಲವು ಸಲ ವೈಫೈ ಬಳಸುತ್ತಿರುವಾಗ, ಒಮ್ಮೆ ರಾತ್ರಿಯಿಡೀ. ನಿದ್ರೆಯಿಂದ ಏಳದಿರುವುದು, ಎದ್ದರೂ ವೈಫೈ ಸಿಗದಿರುವುದು ನಾನು ಅತಿ ಹೆಚ್ಚು ಕಂಡ ದೋಷ. ಆಮೇಲೆ ‘ಸ್ಟ್ರೆಸ್-ಎನ್‌ಜಿ’ಯಿಂದ ಪ್ರೊಸೆಸರಿಗೂ ಮೆಮೊರಿಗೂ ಅರ್ಧ ತಾಸು ಪೂರ್ಣ ಭಾರ ಹೊರಿಸಿ, ಪಕ್ಕದಲ್ಲಿ ‘ಸೆನ್ಸರ್ಸ್’ ಆದೇಶದಿಂದ ತಾಪಮಾನ ನೋಡುತ್ತಿರಿ. ಏಪ್ರಿಲಿನ ಸೆಕೆಯಲ್ಲಿ ಇದನ್ನು ಮಾಡಿದರೆ ಹಳೆಯ ಕರ್ನಲಿನಲ್ಲಿಯೂ ಅದೇ ಹೊತ್ತು, ಅದೇ ಕೋಣೆಯಲ್ಲಿ ಮಾಡಿ ಹೋಲಿಸಬೇಕು. ಇಲ್ಲದಿದ್ದರೆ ಊರಿನ ಸೆಕೆಯ ಅಪವಾದ ಕರ್ನಲಿನ ತಲೆಗೆ ಬರುತ್ತದೆ.

ಅಪವಾದದ ಮಾತು ಬಂದಿತೆಂದು ಒಂದು ವಿಷಯ. ಹೊಸ ಕರ್ನಲ್ ಹಾಕಿದ ಮೇಲೆ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತಿದೆ ಎಂದು ದೂರುವವರುಂಟು. ಅಕ್ಷರ ಜೋಡಣೆ ಫಾಂಟು ಮತ್ತು ಹಾರ್ಫ್‌ಬಜ್ಜಿನಂಥ ತಂತ್ರಾಂಶದ ಕೆಲಸ, ಕರ್ನಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದಾಗ ಬರುವ ಕಪ್ಪು ಪರದೆ ಕರ್ನಲಿನದ್ದೇ, ಮತ್ತು ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಮಾತ್ರ ಜಾಗ. ಅಲ್ಲಿ ಕನ್ನಡ ಹೆಸರಿನ ಕಡತಗಳು ಚೌಕ ಚೌಕವಾಗಿ ಕಂಡರೆ ಕಡತ ಕೆಟ್ಟಿತೆಂದು ಅಳಿಸಹೋಗಬೇಡಿ.

ಇಷ್ಟಾದ ಮೇಲೆ ಒಂದು ವಾರ ನಿತ್ಯದ ಕೆಲಸವನ್ನು ಅದರಲ್ಲೇ ಮಾಡಿ. ಲ್ಯಾಬಾದರೆ ಹದಿನೈದು ಯಂತ್ರಗಳ ಪೈಕಿ ಒಂದಕ್ಕೆ ಮಾತ್ರ ಹಾಕಿ, ಮಕ್ಕಳಿಗೆ ಏನೂ ಹೇಳದೆ ಬಿಡಿ. ನಮಗೆ ಹೊಳೆಯದ ಪರೀಕ್ಷೆಗಳನ್ನು ಅವರು ಮಾಡಿಯೇ ಮಾಡುತ್ತಾರೆ.

ಕೈಕೊಟ್ಟಾಗ

ಯಂತ್ರ ಏನೂ ಸ್ಪಂದಿಸದೆ ನಿಂತುಬಿಟ್ಟರೆ ಪವರ್ ಗುಂಡಿಗೆ ಕೈಹಾಕುವ ಮೊದಲು ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಎರಡೆರಡು ಸೆಕೆಂಡು ಬಿಟ್ಟು ಒತ್ತಿ. ಮೊದಲನೆಯದು ಬರೆಯಬೇಕಾದದ್ದನ್ನು ಡಿಸ್ಕಿಗೆ ಬರೆಸುತ್ತದೆ, ಎರಡನೆಯದು ಡಿಸ್ಕನ್ನು ಓದುವುದಕ್ಕಷ್ಟೇ ಸೀಮಿತಗೊಳಿಸುತ್ತದೆ, ಮೂರನೆಯದು ಮರುಚಾಲನೆ. ಉಬುಂಟು ಇವುಗಳಿಗೆ ಮೊದಲೇ ಅನುಮತಿ ಕೊಟ್ಟಿರುತ್ತದೆ. ಪ್ಯಾನಿಕ್ ಆದರೆ ಹತ್ತು ಸೆಕೆಂಡಿನೊಳಗೆ ಪರದೆಯ ಫೋಟೊವನ್ನು ಫೋನಿನಲ್ಲಿ ತೆಗೆಯಿರಿ. ‘ರೂಟ್ ಕಡತ ವ್ಯವಸ್ಥೆಯನ್ನು ಮೌಂಟ್ ಮಾಡಲಾಗಲಿಲ್ಲ’ ಎಂಬರ್ಥದ ಸಂದೇಶವಾದರೆ ಹೆಚ್ಚಾಗಿ ಇನಿಟ್‌ಆರ್‌ಡಿಯದ್ದೇ ತೊಂದರೆ. ಹಳೆಯ ಕರ್ನಲಿನಿಂದ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಸಿ -ಕೆ’ ಜತೆಗೆ ಹೊಸ ಆವೃತ್ತಿಯ ಹೆಸರು ಕೊಟ್ಟು ಮತ್ತೆ ಕಟ್ಟಿಸಬಹುದು.

ಹಳೆಯದರಲ್ಲಿ ಎದ್ದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’ ಎಂದರೆ ಹಿಂದಿನ ಬೂಟಿನ ಕರ್ನಲ್ ಸಂದೇಶಗಳು ಸಿಗುತ್ತವೆ. ಅಲ್ಲಿಯೂ ಏನೂ ಇಲ್ಲದಿದ್ದರೆ ‘/ವಾರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್’ ಕಡತಕೋಶವನ್ನು ನೋಡಿ. ಕೆಲವು ಯಂತ್ರಗಳಲ್ಲಿ ಕರ್ನಲ್ ಬೀಳುವ ಮುನ್ನ ಆಡಿದ ಕೊನೆಯ ಮಾತು ಅಲ್ಲಿ ಉಳಿದಿರುತ್ತದೆ. ಯಾವ ಬದಲಾವಣೆಯಿಂದ ದೋಷ ಬಂತೆಂದು ಹುಡುಕುವ ಹುಮ್ಮಸ್ಸಿದ್ದವರಿಗೆ ‘ಗಿಟ್ ಬೈಸೆಕ್ಟ್’ ಇದೆ. ಎರಡು ಆವೃತ್ತಿಗಳ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೂ, ಪ್ರತಿಸಲ ಅರ್ಧಕ್ಕೆ ಇಳಿಸುತ್ತ ಹೋದರೆ ಹದಿನಾಲ್ಕು ಸಲ ಕಟ್ಟಿ ಪರೀಕ್ಷಿಸುವಷ್ಟರಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ವಾರ ನಿರಾತಂಕವಾಗಿ ಕಳೆದರೆ ‘ಗ್ರಬ್-ಸೆಟ್-ಡಿಫಾಲ್ಟ್ "1>0"’ ಎಂದು ಹೊಸದನ್ನು ಮುಖ್ಯವಾಗಿಸಿ, ತಡೆದಿಟ್ಟ ಪ್ಯಾಕೇಜುಗಳನ್ನು ಬಿಡುಗಡೆ ಮಾಡಿ. ಮುಂದೆ ಬರುವ ಭದ್ರತಾ ಕರ್ನಲುಗಳು ತಾವಾಗಿ ಮುಖ್ಯವಾಗಬೇಕಾದರೆ ‘ಗ್ರಬ್_ಡಿಫಾಲ್ಟ್’ ಮತ್ತೆ 0 ಆಗಬೇಕು. ಹಳೆಯ ಕರ್ನಲನ್ನು ಇನ್ನೊಂದೆರಡು ತಿಂಗಳಾದರೂ ಇಟ್ಟುಕೊಳ್ಳಿ. ‘ಆಪ್ಟ್ ಆಟೋರಿಮೂವ್’ ಎಂಬ ಆದೇಶ ಜಾಗ ಖಾಲಿ ಮಾಡುವ ಉತ್ಸಾಹದಲ್ಲಿ ಅದನ್ನೂ ಒಯ್ಯಬಹುದಾದ್ದರಿಂದ, ಆ ಇಮೇಜ್ ಮತ್ತು ಮಾಡ್ಯೂಲ್ಸ್ ಪ್ಯಾಕೇಜುಗಳನ್ನು ‘ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಎಂದು ಗುರುತು ಮಾಡಿ, ಆಟೋರಿಮೂವ್ ತೋರಿಸುವ ಪಟ್ಟಿಯಲ್ಲಿ ನೀವು ಕಾಗದದ ಮೇಲೆ ಬರೆದಿಟ್ಟ ಆವೃತ್ತಿ ಇಲ್ಲವೆಂದು ನೋಡಿದ ಮೇಲೆಯೇ ‘ವೈ’ ಒತ್ತಿ.